ಲ್ಯಾಪ್‌ಟಾಪಿನಲ್ಲಿ ಓಡಿದ ಡಿವಿಡಿಯನ್ನು ನಂಬಬೇಡಿ

ಅಪ್ಪನ ಷಷ್ಟ್ಯಬ್ದಿಗೆ ಬಂದ ಮೂವತ್ತು ಮನೆಯವರಿಗೆ ಅಪ್ಪ–ಅಮ್ಮನ ಮದುವೆಯ ಡಿವಿಡಿ ಹಂಚಿದ ಮಹಾನುಭಾವ ನಾನೇ. ವಾರ ಕಳೆಯುವುದರೊಳಗೆ ತೀರ್ಥಹಳ್ಳಿಯಿಂದ ಅತ್ತೆಯ ಫೋನು: "ನಿನ್ನಪ್ಪ ಇನ್ನೂ ತಾಳಿ ಕಟ್ಟಿಯೇ ಇಲ್ಲವಲ್ಲೋ!"

ಹೋಗಿ ನೋಡಿದೆ. 52ನೆಯ ನಿಮಿಷದವರೆಗೆ ಯಾವ ತಕರಾರೂ ಇಲ್ಲ. ಅಪ್ಪ ಮಾಂಗಲ್ಯವನ್ನು ಕೈಗೆತ್ತಿಕೊಂಡರು, ಅಮ್ಮನ ಮುಖ ಚೌಕ ಚೌಕವಾಗಿ ಒಡೆಯಿತು, ಪುರೋಹಿತರು "ತಂತು, ತಂತು" ಎಂದು ತೊದಲಿದರು, ಚಿತ್ರ ನಿಂತೇಹೋಯಿತು. ಅತ್ತೆ ಡಿಸ್ಕನ್ನು ಹೊರತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿದರು. ಮತ್ತೆ ಅದೇ "ತಂತು". ಉಳಿದ ನೆಂಟರಿಗೆ ಫೋನು ಮಾಡಿದರೆ ಹಲವರ ಮನೆಯಲ್ಲಿ ಇದೇ ಕಥೆ. ಇಬ್ಬರ ಪ್ಲೇಯರ್ ಅಂತೂ ಡಿಸ್ಕೇ ಇಲ್ಲವೆಂದು ವಾದಿಸಿತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಎಲ್ಲವೂ ಓಡುತ್ತಿದ್ದವು. ನನ್ನನ್ನು ಹಾಳು ಮಾಡಿದ್ದೇ ಆ ನಂಬಿಕೆ. ಕಂಪ್ಯೂಟರಿನ ಡ್ರೈವ್ ಓದಲಾಗದ ಜಾಗಕ್ಕೆ ಹಿಂದಿರುಗಿ ಹತ್ತಾರು ಸಲ ಪ್ರಯತ್ನಿಸುತ್ತದೆ. ಹತ್ತು ವರ್ಷ ಸವೆದ ಲೆನ್ಸಿನ ಪ್ಲೇಯರ್‌ಗೆ ಅಷ್ಟು ಪುರಸತ್ತಿಲ್ಲ. ಚಿತ್ರ ಓಡುತ್ತಿರುವಾಗಲೇ ಅದು ಓದಿ ಮುಗಿಸಬೇಕು.

ಇನ್ನು ನನ್ನ ಘನಕಾರ್ಯಗಳು. ವಿಡಿಯೊ ಇದ್ದದ್ದು 65 ನಿಮಿಷ. 4.7 ಜಿಬಿ ಡಿಸ್ಕಿನಲ್ಲಿ ಜಾಗ ಖಾಲಿ ಬಿಡುವುದೇಕೆಂದು ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಬಳಸುವ ಮಾಹಿತಿಯ ಪ್ರಮಾಣವನ್ನು, 9 ಮೆಗಾಬಿಟ್‌ಗೆ ಏರಿಸಿದೆ. ಡಿವಿಡಿಯಲ್ಲಿ ಚಿತ್ರಕ್ಕಿರುವ ಮಿತಿಯೇ 9.8. ಮೂವತ್ತು ವರ್ಷ ದಾಟಿದ ವಿಎಚ್‌ಎಸ್ ಕ್ಯಾಸೆಟ್ಟಿನ ಮಂಜು ಚಿತ್ರಕ್ಕೆ ಅದು ಬಡವನ ಮನೆಗೆ ಆನೆ ಕಟ್ಟಿದಂತೆ. ಡಿಸ್ಕಿನಲ್ಲಿ ಬರವಣಿಗೆ ಒಳಗಿನಿಂದ ಶುರುವಾಗಿ ಹೊರ ಅಂಚಿನತ್ತ ಸಾಗುತ್ತದೆ. ಅಗ್ಗದ ಡಿಸ್ಕುಗಳು ಕೆಡುವುದು ಹೆಚ್ಚಾಗಿ ಆ ಅಂಚಿನಲ್ಲೇ, ನನ್ನ ವಿಡಿಯೊ ಅಲ್ಲಿಯವರೆಗೂ ತುಂಬಿತ್ತು. ನನ್ನವು ಕಟ್ಟುಗಟ್ಟಲೆ ಸಿಗುವ, ಹೆಸರಿಲ್ಲದ ಡಿಸ್ಕುಗಳು. ಬೇಗ ಮುಗಿಯಲೆಂದು 16 ಎಕ್ಸ್, ಅಂದರೆ ಮೂಲ ವೇಗದ ಹದಿನಾರು ಪಟ್ಟು ವೇಗದಲ್ಲಿ ಬರ್ನ್ ಮಾಡಿದ್ದೆ. ಬರೆದದ್ದನ್ನು ಓದಿ ತಾಳೆ ನೋಡುವ ಆಯ್ಕೆಯನ್ನೂ ಸಮಯ ಉಳಿಸಲು ತೆಗೆದುಹಾಕಿದ್ದೆ. ಸಾಲದ್ದಕ್ಕೆ ದಂಪತಿಯ ಫೋಟೊ ಇರುವ ಕಾಗದದ ಲೇಬಲ್ ಬೇರೆ. ಅದು ಚೂರು ವಾರೆಯಾಗಿ ಅಂಟಿದರೂ ತಿರುಗುವ ಡಿಸ್ಕ್ ಅದುರುತ್ತದೆ. ಹೆಸರು ಬರೆಯಲೇಬೇಕೆಂದರೆ ಡಿಸ್ಕಿಗೆಂದೇ ಸಿಗುವ ಮೆತ್ತನೆ ತುದಿಯ ಮಾರ್ಕರ್ ಸಾಕು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂದು ಕ್ಯಾಸೆಟ್ಟಿನಿಂದ ಇಳಿಸಿಕೊಂಡಿದ್ದ 14 ಜಿಬಿಯ ಮೂಲ ಫೈಲನ್ನು ಡಿಸ್ಕುಗಳು ಮುಗಿದ ದಿನವೇ ಅಳಿಸಿದ್ದೆ. ಮತ್ತೊಮ್ಮೆ ಕ್ಯಾಸೆಟ್ ಹಾಕಿದಾಗ ಬೂಷ್ಟು ಹಿಡಿದಿದ್ದ ಟೇಪು ವಿಸಿಆರ್ ಒಳಗೇ ಕತ್ತರಿಸಿಹೋಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಕೊನೆಗೆ ಕೈ ಹಿಡಿದದ್ದು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ. ಒಂದೇ ಪ್ರತಿಯ ಮೂವತ್ತು ಡಿಸ್ಕುಗಳಾದ್ದರಿಂದ ಒಂದರಲ್ಲಿ ಓದಲಾಗದ ಭಾಗವನ್ನು ಇನ್ನೊಂದರಿಂದ ತೆಗೆದು ಹೊಲಿಯುವುದು ಸಾಧ್ಯವಾಯಿತು. ನೆಂಟರಿಂದ ಹಿಂದಕ್ಕೆ ಪಡೆದ ಏಳು ಡಿಸ್ಕುಗಳು, ಮೂರು ರಾತ್ರಿ. ಊಟದ ಪಂಕ್ತಿಯ ಒಂಬತ್ತು ಸೆಕೆಂಡು ಯಾವುದರಲ್ಲೂ ಸಿಗಲಿಲ್ಲ. ಅಜ್ಜ ಅಲ್ಲಿ ಹೋಳಿಗೆ ಬಡಿಸುತ್ತಿದ್ದರಂತೆ.

ಈ ಸಲ ಬಿಟ್‌ರೇಟ್ 6, ವೇಗ 8 ಎಕ್ಸ್, ಒಳ್ಳೆಯ ಡಿವಿಡಿ-ಆರ್, ಕೊನೆಯಲ್ಲಿ ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕನ್ನು ಮುಚ್ಚುವ ಫೈನಲೈಸ್, ಲೇಬಲ್ ಇಲ್ಲ. ಫೈಲಿನ ಪ್ರತಿ ಎರಡು ಹಾರ್ಡ್ ಡಿಸ್ಕುಗಳಲ್ಲಿ. ಅಮೆರಿಕದ ಚಿಕ್ಕಮ್ಮನಿಗೆ ಮಾತ್ರ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಬೇರೆ ಮಾಡಿದೆ. ನಮ್ಮ ‘ಪಾಲ್’ ಪದ್ಧತಿಯ ಡಿಸ್ಕುಗಳನ್ನು ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಮುಟ್ಟುವುದೇ ಇಲ್ಲ. ಹಂಚುವ ಮೊದಲು ಒಂದೇ ಒಂದು ಡಿಸ್ಕ್ ಮಾಡಿ ಅತ್ತೆಯ ಮನೆಗೆ ಒಯ್ದು, ಅದೇ ಹಳೆಯ ಪ್ಲೇಯರ್‌ನಲ್ಲಿ ಕೊನೆಯವರೆಗೆ ಕುಳಿತು ನೋಡಿದೆ. ಮೊದಲ ಹತ್ತು ನಿಮಿಷ ನೋಡಿ ಎದ್ದರೆ ಪ್ರಯೋಜನವಿಲ್ಲ, ಕಾಯಿಲೆ ಇರುವುದು ಕೊನೆಯಲ್ಲಿ.

ತಾಳಿ ಬಿತ್ತು. ಅತ್ತೆ ಚಪ್ಪಾಳೆ ತಟ್ಟಿದರು. ಹಳೆಯ ಡಿಸ್ಕುಗಳು ಈಗ ಅವರ ಹಿತ್ತಿಲ ಅಲಸಂದೆ ಚಪ್ಪರದಲ್ಲಿ ಹಕ್ಕಿ ಬೆದರಿಸಲು ನೇತಾಡುತ್ತಿವೆ, ಲೇಬಲ್ ಸಮೇತ.