ಮಗಳ ಮೊದಲ ಭಾಷೆಗಾಗಿ ನಾವು ನಡೆದು ನೋಡಿದ ಮೂರು ದಾರಿಗಳು

ನಮ್ಮ ಮಗಳಿಗೆ 14 ತಿಂಗಳಾಗಿದ್ದಾಗ, ಶಬ್ದಕ್ಕೆ ಶ್ರವಣ ನರ ಮತ್ತು ಮೆದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಪರೀಕ್ಷೆಯಲ್ಲಿ ಅವಳ ಎರಡೂ ಕಿವಿಗಳ ಶ್ರವಣದೋಷ 90 ಡೆಸಿಬಲ್‌ಗಿಂತ ಹೆಚ್ಚು, ಅಂದರೆ ಅತಿ ತೀವ್ರವೆಂದು ತಿಳಿಯಿತು. ಅಂದಿನಿಂದ ಎರಡು ವರ್ಷಗಳಲ್ಲಿ ನಾವು ಮೂರು ಕ್ರಮಗಳನ್ನು ಅನುಸರಿಸಿದ್ದೇವೆ.

ಮೊದಲ ಎಂಟು ತಿಂಗಳು ಶ್ರವಣ ಸಾಧನ ಹಾಕಿ ಕೇಳಿಸುವ, ಮಾತನಾಡಿಸುವ ತರಬೇತಿಯೊಂದನ್ನೇ ನಂಬಿದ್ದೆವು. ಸನ್ನೆ ಮಾಡಿದರೆ ಮಗು ಮಾತು ಕಲಿಯುವುದಿಲ್ಲವೆಂದು ಅಲ್ಲಿ ಹೇಳಿದ್ದರಿಂದ, ಕೈಬೀಸಿ ಕರೆಯುವುದನ್ನೂ ಬಿಟ್ಟೆವು. ಪ್ರತಿದಿನ ಬೆಳಿಗ್ಗೆ ಬ್ಯಾಟರಿ ಪರೀಕ್ಷಿಸಿ, ಮಗಳ ಬೆನ್ನ ಹಿಂದೆ ಕುಳಿತು, ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಹೇಳಿ, ಯಾವುದಕ್ಕೆ ತಿರುಗಿದಳೆಂದು ಬರೆದಿಡುತ್ತಿದ್ದೆ. ಆ, ಊಗಳಿಗೆ ತಿರುಗುತ್ತಿದ್ದಳು. ಶ್, ಸ್‌ಗಳಿಗೆ ಒಮ್ಮೆಯೂ ತಿರುಗಲಿಲ್ಲ. ಕಿವಿ ಬೆಳೆದು, ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲವಾದಾಗಲೆಲ್ಲ ಸಾಧನ ಸಿಳ್ಳೆ ಹೊಡೆಯುತ್ತಿತ್ತು. ಎಂಟು ತಿಂಗಳ ಕೊನೆಗೆ ಅವಳ ಬಾಯಲ್ಲಿ ನಾಲ್ಕು ಪದಗಳಿದ್ದವು. ಹೊಟ್ಟೆ ನೋಯುತ್ತಿದೆ ಎಂದು ತಿಳಿಸಲು ಅಳುವುದೊಂದೇ ಉಳಿದಿತ್ತು. ದೋಷ ಕಡಿಮೆಯಿರುವ ಮಗುವಿಗೆ ಇದೇ ತರಬೇತಿ ಹೆಚ್ಚು ಫಲ ಕೊಡಬಹುದೆಂಬುದನ್ನು ಒಪ್ಪುತ್ತೇನೆ.

ಆಮೇಲೆ ಮಾತನಾಡುತ್ತಲೇ ಸನ್ನೆ ಮಾಡತೊಡಗಿದೆವು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ, 2021ರ ಹೊತ್ತಿಗೆ 10,000 ಪದಗಳಾಗಿದ್ದವು. ಅದರ ವೀಡಿಯೊ ನೋಡಿ ಕಲಿತೆವು. ಪದಗಳೇನೋ ಸಿಕ್ಕವು, ವಾಕ್ಯ ಸಿಗಲಿಲ್ಲ. ನಾವು ‘ಅಪ್ಪ ಎಲ್ಲಿಗೆ ಹೋದರು’ ಎನ್ನುತ್ತೇವೆ. ಸನ್ನೆ ಭಾಷೆಯಲ್ಲಿ ‘ಎಲ್ಲಿ’ ಎಂಬುದು ಕೊನೆಗೆ ಬರುತ್ತದೆ, ಪ್ರಶ್ನೆಯ ಭಾವ ಹುಬ್ಬಿನಲ್ಲಿ, ಮುಖದಲ್ಲಿ ಕಾಣಬೇಕು. ಬಾಯಿಯ ವೇಗಕ್ಕೆ ಕೈ ಸಾಲದೆ ಅರ್ಧ ಸನ್ನೆಗಳು ಬಿಟ್ಟುಹೋಗುತ್ತಿದ್ದವು.

ಮೂರನೆಯದು, ಕಿವುಡ ಶಿಕ್ಷಕಿಯೊಬ್ಬರು ಪ್ರತಿ ಭಾನುವಾರ ಮನೆಗೇ ಬಂದು ಕಲಿಸಿದ ಭಾರತೀಯ ಸನ್ನೆ ಭಾಷೆ. ಅವರು ಮೊದಲು ಕಲಿಸಿದ್ದು ಸನ್ನೆಗಳನ್ನಲ್ಲ, ಕಾಯುವುದನ್ನು. ಮಗು ಆಟಿಕೆಯನ್ನು ನೋಡುತ್ತಿರುವಾಗ ಅವಳ ಮುಖವನ್ನು ನಮ್ಮತ್ತ ತಿರುಗಿಸದೆ, ಆಟಿಕೆಯ ಪಕ್ಕದಲ್ಲಿ, ಅವಳ ಕಣ್ಣಿಗೆ ಬೀಳುವಂತೆ ಸನ್ನೆ ಮಾಡಬೇಕು; ಕರೆಯಬೇಕಾದರೆ ಭುಜವನ್ನು ಮೆಲ್ಲನೆ ತಟ್ಟಬೇಕು ಅಥವಾ ದೀಪವನ್ನು ಆರಿಸಿ ಹಚ್ಚಬೇಕು; ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ನಮ್ಮ ಮುಖ ಅವಳಿಗೆ ಕತ್ತಲಾಗುತ್ತದೆ. ಇವನ್ನು ಕಿವಿ ಕೇಳುವ ಯಾರೂ ನಮಗೆ ಹೇಳಿರಲಿಲ್ಲ. ಆರು ತಿಂಗಳಲ್ಲಿ ಮಗಳು ನೂರಕ್ಕೂ ಹೆಚ್ಚು ಸನ್ನೆಗಳನ್ನು ತಾನಾಗಿಯೇ ಬಳಸತೊಡಗಿದಳು. ‘ಅಜ್ಜಿ, ಹಾಲು ಬಿಸಿ, ಬೇಡ’ ಎಂದು ನಾಲ್ಕು ಸನ್ನೆಗಳನ್ನು ಜೋಡಿಸಿದ ದಿನ ನನ್ನ ಅತ್ತೆಯವರು ಕಣ್ಣೀರು ಹಾಕಿದರು. ಮಾತಿಗೂ ಇದರಿಂದ ಅಡ್ಡಿಯಾಗಲಿಲ್ಲ: ಇದೇ ಅವಧಿಯಲ್ಲಿ ಅವಳ ಬಾಯಿಂದ ಬರುವ ಪದಗಳೂ ಹನ್ನೊಂದಾದವು.

ಆದ್ದರಿಂದ ನನ್ನ ಆಯ್ಕೆಯಲ್ಲಿ ಸನ್ನೆ ಭಾಷೆ ಮೊದಲನೆಯದು. ಕೇಳುವ ತರಬೇತಿ ಅದರ ಜೊತೆಗಿರಲಿ, ಅದಕ್ಕೆ ಬದಲಾಗಿ ಬೇಡ. ಒಳಕಿವಿಯಲ್ಲಿ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್‌ನ ಬಗ್ಗೆ ವೈದ್ಯರೊಡನೆ ಮಾತುಕತೆ ನಡೆದಿದೆ. ಅದಾದರೂ ಶಸ್ತ್ರಚಿಕಿತ್ಸೆಯ ನಂತರ ದೀರ್ಘ ತರಬೇತಿ ಬೇಕು, ಆ ತನಕ ಮಗಳು ಭಾಷೆಯಿಲ್ಲದೆ ಇರಬೇಕಾಗಿಲ್ಲ. ಬೆಳಗಿನ ಆರು ಧ್ವನಿಗಳನ್ನು ಇಂದಿಗೂ ಬಿಟ್ಟಿಲ್ಲ. ಅದು ಮುಗಿದ ಮೇಲೆ ಆ ದಿನ ಯಾವ ಬಟ್ಟೆ ಬೇಕೆಂದು ಅವಳೇ ಕೈಯಲ್ಲಿ ಹೇಳುತ್ತಾಳೆ.