ಮನೇಲೇ ಕ್ಲಚ್ ಕೆಲ್ಸ ಮಾಡೋಕೆ ತಗೊಂಡ 2 ಟನ್ ಎಂಜಿನ್ ಕ್ರೇನು: ಎತ್ತೋಕೆ ಸೈ, ಇಳಿಸೋಕೆ ಗೋಳು

ಮೆಕ್ಯಾನಿಕ್‌ಗಳು "ಎಂಜಿನ್ ಇಳಿಸ್ಬೇಕಾಗುತ್ತೆ" ಅಂತಾರಲ್ಲ, ಆ ಮಾತು ಮಾಡೋ ಕೆಲ್ಸಕ್ಕೆ ಪೂರ್ತಿ ಉಲ್ಟಾ, ಎಂಜಿನ್ನ ಮೇಲಕ್ಕೆತ್ತಿ ಆಚೆ ತೆಗೀತೀವಿ ಹೊರತು ಇಳಿಸಲ್ಲ. ಹಂಗಂದ್ಕೊಂಡಿದ್ದೆ ನಾನು. ಈಗ ಈ ಮಡಚೋ ಕ್ರೇನು ತಗೊಂಡು ಒಂದು ಸಲ ಎಂಜಿನ್ ತೆಗೆದು ಕ್ಲಚ್ ಮಾಡಿ ವಾಪಸ್ ಕೂರಿಸಿದ್ಮೇಲೆ ಅವರ ಮಾತೇ ಸರಿ ಅನ್ನಿಸ್ತಿದೆ, ಇದ್ರಲ್ಲಿ ಕಷ್ಟ ಇರೋದು ಇಳಿಸೋದ್ರಲ್ಲೇ.

ಮೊದ್ಲು ಯಾಕೆ ಬೇಕಾಯ್ತು ಅಂತ ಹೇಳ್ಬಿಡ್ತೀನಿ. ನಂದು ಹಳೇ ಪೆಟ್ರೋಲ್ ಕಾರು, ಎಂಜಿನ್ ಉದ್ದಕ್ಕೆ ಕೂತಿರುತ್ತೆ, ಹಿಂದಿನ ಚಕ್ರಕ್ಕೆ ಡ್ರೈವ್. ಏರು ಹತ್ತುವಾಗ ಎಂಜಿನ್ ಸೌಂಡು ಮಾತ್ರ ಜಾಸ್ತಿ, ಗಾಡಿ ಮುಂದಕ್ಕೆ ಹೋಗ್ತಿರ್ಲಿಲ್ಲ, ಪೆಡಲ್ಲು ಪೂರ್ತಿ ಮೇಲಕ್ಕೆ ಬಂದ್ಮೇಲೇ ಕಚ್ತಿತ್ತು, ಜೊತೆಗೆ ಸುಟ್ಟ ವಾಸನೆ. ಕ್ಲಚ್ ಕೇಬಲ್ಲಿನ ಫ್ರೀ ಪ್ಲೇ, ಅಂದ್ರೆ ಸಡಿಲ, ಸರಿ ಮಾಡಿ ನೋಡಿದ್ರೂ ಅಷ್ಟೇ. ಕ್ಲಚ್ ಇರೋದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಇಂಥ ಕಾರಲ್ಲಿ ಗೇರ್‌ಬಾಕ್ಸ್ ಕೆಳಗಿಂದ ಇಳಿಸಿದ್ರೂ ಅದು ಸಿಗುತ್ತೆ, ಸುಮಾರು ಜನ ಹಂಗೇ ಮಾಡೋದು, ಆದ್ರೆ ಮನೇಲಿ ಲಿಫ್ಟ್ ಇಲ್ಲ, ಸ್ಟ್ಯಾಂಡ್ ಮೇಲೆ ನಿಲ್ಸಿದ ಕಾರಡಿ ಅಂಗಾತ ಮಲಗಿ ಗೇರ್‌ಬಾಕ್ಸ್‌ನ ಎದೆ ಮೇಲೆ ಇಳಿಸ್ಕೊಳ್ಳೋ ಧೈರ್ಯ ನಂಗಿಲ್ಲ. ಅದೂ ಅಲ್ದೆ ಎಂಜಿನ್ ಹಿಂದ್ಗಡೆಯಿಂದ ಆಯಿಲ್ ಜಿನುಗ್ತಾ ಇತ್ತು, ಮೌಂಟಿಂಗ್ ರಬ್ಬರ್‌ಗಳೂ ಸೀಳಿದ್ವು. ಹೆಂಗಿದ್ರೂ ಕೈ ಹಾಕ್ಬೇಕು ಅಂತ ಎಂಜಿನ್ನೇ ತೆಗೆಯೋಣ ಅಂದ್ಕೊಂಡೆ.

ಕ್ರೇನು ಬಿಡಿ ಬಿಡಿಯಾಗಿ ಬರುತ್ತೆ, ಇಬ್ರು ಕೂತ್ರೆ ಒಂದೂವರೆ ಗಂಟೇಲಿ ಜೋಡಿಸ್ಬೋದು. ಬೋಲ್ಟುಗಳು ಒಳ್ಳೇವು, ವೆಲ್ಡಿಂಗ್ ಕೂಡ ನೀಟಾಗಿದೆ. ಮ್ಯಾನ್ಯುಯಲ್ ಮಾತ್ರ ದಂಡ. ಹೈಡ್ರಾಲಿಕ್ ಜಾಕ್ ಒಳಗೆ ಗಾಳಿ ಸೇರ್ಕೊಂಡಿರುತ್ತೆ, ಭಾರ ಹಾಕೋ ಮುಂಚೆ ರಿಲೀಸ್ ವಾಲ್ವ್ ತೆಗೆದು ಹತ್ತಾರು ಸಲ ಪಂಪ್ ಮಾಡಿ ಗಾಳಿ ಬಿಡ್ಬೇಕು ಅನ್ನೋದನ್ನ ಅದ್ರಲ್ಲಿ ಎಲ್ಲೂ ಬರ್ದಿಲ್ಲ. ಹಂಗೆ ಮಾಡ್ದೇ ಶುರು ಹಚ್ಕೊಂಡ್ರೆ ತೋಳು ಒಂದಿಷ್ಟು ಏರಿ ಸ್ಪ್ರಿಂಗ್ ಥರ ಕುಣಿಯುತ್ತೆ, ನಂದು ಪೀಸೇ ಡಿಫೆಕ್ಟ್ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡಿದ್ದೆ.

ಇನ್ನೊಂದು ವಿಷ್ಯ, 2 ಟನ್ ಅಂತ ದೊಡ್ಡದಾಗಿ ಬರೆದಿದ್ರೂ ಅದು ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ನಾಲ್ಕು ತೂತು ಇದಾವೆ, ತೋಳು ಉದ್ದ ಮಾಡ್ತಾ ಹೋದಂಗೆ 2000, 1500, 1000, ಕೊನೇ ತೂತಲ್ಲಿ ಬರೀ 500 ಕೆಜಿ. ಎಂಜಿನ್ ತನಕ ಎಟುಕ್ಬೇಕಂದ್ರೆ ಆ ಕೊನೇ ತೂತೇ ಗತಿ. ಗೇರ್‌ಬಾಕ್ಸ್ ಇಲ್ದೇ ಸಣ್ಣ ನಾಲ್ಕು ಸಿಲಿಂಡರ್ ಎಂಜಿನ್ ಅಂದ್ರೆ ಸುಮಾರು 120ರಿಂದ 150 ಕೆಜಿ, ಹಂಗಾಗಿ ಚಿಂತೆ ಇಲ್ಲ, ಆದ್ರೆ 2 ಟನ್ ಅಂತ ನಂಬ್ಕೊಂಡು ದೊಡ್ಡ ಡೀಸೆಲ್ ಎಂಜಿನ್ನಿಗೆ ನೇತಾಕೋರು ಆ ತೂತಿನ ಪಕ್ಕದ ನಂಬರ್ ಒಂದ್ಸಲ ಓದ್ಕೊಳ್ಳಿ.

ಎತ್ತೋ ಕೆಲ್ಸ ಸಲೀಸು. ಬ್ಯಾಟರಿ ನೆಗೆಟಿವ್ ತೆಗೆದು, ಎಂಜಿನ್ ತಣ್ಣಗಾದ್ಮೇಲೆ ಕೂಲಂಟ್ ಇಳಿಸಿ, ಬಾನೆಟ್ ಹಿಂಜಿಗೆ ಮಾರ್ಕ್ ಹಾಕಿ ಬಿಚ್ಚಿ, ರೇಡಿಯೇಟರ್ ಎತ್ತಿಟ್ಟು, ವೈರು ಪೈಪಿಗೆಲ್ಲ ಟೇಪ್ ಸುತ್ತಿ ನಂಬರ್ ಬರೆದು, ಒಂದೊಂದು ಬೋಲ್ಟೂ ಬೇರೆ ಬೇರೆ ಕವರಿಗೆ ಹಾಕಿ ಇಟ್ವಿ. ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರೋ ಗೇರ್‌ಬಾಕ್ಸಿನ ಮೂತಿ) ಬೋಲ್ಟುಗಳು ಎಲ್ಲ ಒಂದೇ ಉದ್ದ ಇರಲ್ಲ, ಅದಕ್ಕೊಂದು ರಟ್ಟಿನ ಮೇಲೆ ಗೋಲ ಬರೆದು ಅದೇ ಜಾಗಕ್ಕೆ ಚುಚ್ಚಿಟ್ರೆ ಆಮೇಲೆ ದೇವ್ರು ನೆನಪಾಗಲ್ಲ. ಎಸಿ ಇರೋ ಕಾರಾದ್ರೆ ಗ್ಯಾಸ್ ಪೈಪು ಬಿಚ್ಚೋಕೆ ಹೋಗ್ಬೇಡಿ, ಕಂಪ್ರೆಸರನ್ನೇ ಬಿಚ್ಚಿ ಪಕ್ಕಕ್ಕೆ ಕಟ್ಬಿಡಿ. ಎಂಜಿನ್ ಹಿಂದಿಂದ ಸರಿಯೋ ಮುಂಚೆ ಗೇರ್‌ಬಾಕ್ಸ್ ಕೆಳಗೊಂದು ಜಾಕ್ ಕೊಟ್ಟಿರ್ಬೇಕು, ಮುಂದೆ ಆಧಾರ ಹೋದ ತಕ್ಷಣ ಮೂತಿ ಕೆಳಗೆ ಮಾಡುತ್ತೆ ಅದು. ಕ್ರೇನಿನ ಜೊತೆ ಲೆವೆಲರ್ ಅಂತ ಒಂದು ಕೊಟ್ಟಿದಾರೆ, ಹ್ಯಾಂಡಲ್ ತಿರುಗಿಸಿದ್ರೆ ಎಂಜಿನ್ ಮೂತಿ ಮೇಲೆ ಕೆಳಗೆ ಆಗುತ್ತೆ, ಇಡೀ ಸೆಟ್ಟಲ್ಲಿ ನಂಗೆ ಇಷ್ಟ ಆಗಿದ್ದು ಅದೊಂದೇ.

ಕ್ಲಚ್ ವಿಷ್ಯಕ್ಕೆ ಬರ್ತೀನಿ. ಪ್ಲೇಟಿನ ರಿವೆಟ್ಟು ಲೈನಿಂಗ್ ಮಟ್ಟಕ್ಕೆ ಬಂದಿತ್ತು, ಮೇಲೆ ಆಯಿಲ್ ಕುಡ್ದು ಕಪ್ಪಾಗಿ ಹೊಳೀತಿತ್ತು. ಕ್ರ್ಯಾಂಕಿನ (ಎಂಜಿನ್ನಲ್ಲಿ ತಿರುಗೋ ಮುಖ್ಯ ಶಾಫ್ಟಿನ) ಹಿಂದಿನ ಆಯಿಲ್ ಸೀಲ್ ಹೋಗಿತ್ತು, ಬರೀ ಪ್ಲೇಟ್ ಹಾಕಿ ಮುಚ್ಚಿದ್ರೆ ಹೊಸದೂ ಇದೇ ಗತಿ ಆಗ್ತಿತ್ತು. ಕ್ಲಚ್ ಪ್ಲೇಟು ಒತ್ಕೊಳ್ಳೋ ಭಾರದ ಚಕ್ರ, ಅಂದ್ರೆ ಫ್ಲೈವೀಲ್ ಮೇಲೆ ನೀಲಿ ಕಲೆ ಇದ್ವು, ಬಿರುಕು ಇರ್ಲಿಲ್ಲ, ಲೇತಿಗೆ ಕೊಟ್ಟು ತೆಳ್ಳಗೆ ಒಂದು ಕಟ್ ಹೊಡಿಸ್ದೆ. ಒಳಗಿರೋ ಧೂಳನ್ನ ಗಾಳಿ ಹೊಡೆದು ಮಾತ್ರ ಊದ್ಬೇಡಿ, ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರೋದುಂಟು, ಒದ್ದೆ ಬಟ್ಟೇಲಿ ಒರೆಸ್ಕೊಳ್ಳಿ. ಇಲ್ಲೊಂದು ಎಡವಟ್ಟು ಮಾಡ್ಕೊಂಡೆ, ಎಂಜಿನ್ ಸ್ಟ್ಯಾಂಡ್ ಕೂಡ ತಗೊಂಡಿದ್ದೆ, ಅದು ಬೋಲ್ಟ್ ಆಗೋದು ಎಂಜಿನ್ ಹಿಂಭಾಗಕ್ಕೇ, ಅಂದ್ರೆ ಕ್ಲಚ್ ಇರೋ ಕಡೆಗೇ! ಸ್ಟ್ಯಾಂಡ್ ಮೂಲೆಗೆ ಬಿತ್ತು, ಎಂಜಿನ್ನು ಹಳೇ ಟೈರ್ ಮೇಲೆ ಕೂತ್ಕೊಂಡ್ತು.

ಕ್ಲಚ್ ಕಿಟ್ ಯಾವ ಕಂಪನೀದು ಅಂತ ಹೇಳಲ್ಲ. ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟು, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸೋ ರಿಲೀಸ್ ಬೇರಿಂಗು ಎರಡೂ ಚೆನ್ನಾಗಿದಾವೆ. ಆದ್ರೆ ಕ್ಲಚ್ ಪ್ಲೇಟ್ ಸೆಂಟರ್ ಮಾಡೋಕೆ ಅಂತ ಒಂದು ಪ್ಲಾಸ್ಟಿಕ್ ಕಡ್ಡಿ ಇಟ್ಟಿದಾರಲ್ಲ, ಅದು ಕ್ರ್ಯಾಂಕಿನ ತುದೀಲಿರೋ ಪೈಲಟ್ ಬೇರಿಂಗಲ್ಲಿ ಗಡಗಡ ಅಲ್ಲಾಡುತ್ತೆ. ಪ್ಲೇಟಿನ ಭಾರಕ್ಕೇ ಬಗ್ಗಿ ಒಂದು ಮಿಲಿಮೀಟರ್ ಕೆಳಗೆ ಕೂತ್ಕೊಳ್ಳುತ್ತೆ, ಅದು ಗೊತ್ತಾಗ್ದೇ ಪ್ರೆಶರ್ ಪ್ಲೇಟಿನ ಆರು ಬೋಲ್ಟೂ ಎದುರು ಬದುರು ಸ್ವಲ್ಪ ಸ್ವಲ್ಪವೇ ಟೈಟ್ ಮಾಡಿ, ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ.

ಆಮೇಲೆ ಶುರುವಾಯ್ತು ನೋಡಿ ಇಳಿಸೋ ಕಥೆ. ಈ ಕ್ರೇನಲ್ಲಿ ಪಂಪ್ ಮಾಡೋ ಹ್ಯಾಂಡಲ್ಲನ್ನೇ ಕಿತ್ತು ಅದ್ರ ತುದೀನ ರಿಲೀಸ್ ವಾಲ್ವಿಗೆ ಹಾಕಿ ಎಡಕ್ಕೆ ತಿರುಗಿಸ್ಬೇಕು. ಒಂದು ಕಡ್ಡಿಯಷ್ಟು ತಿರುಗಿಸಿದ್ರೆ ಏನೂ ಆಗಲ್ಲ, ಇನ್ನೊಂದು ಕಡ್ಡಿ, ಆಗ್ಲೂ ಇಲ್ಲ, ಮೂರನೇದಕ್ಕೆ ಎಂಜಿನ್ನು ಧಡ್ ಅಂತ ಎರಡು ಇಂಚು ಬೀಳುತ್ತೆ. ನಮಗೆ ಬೇಕಿರೋದು ಒಂದು ಮಿಲಿಮೀಟರ್. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲಿಗೆ ಸರಿಯಾಗಿ ನೇರ ಬರ್ಬೇಕು, ಆ ಶಾಫ್ಟ್ ಮೇಲೆ ಎಂಜಿನ್ ಭಾರ ಒಂದ್ಸಲ ಕೂತ್ರೆ ಹೊಸ ಪ್ಲೇಟಿನ ಹಬ್ಬು (ನಡುವಿನ ಹಲ್ಲಿರೋ ಭಾಗ) ಸೊಟ್ಟ. ನನ್ನ ತಮ್ಮ ಟಾರ್ಚ್ ಹಿಡ್ಕೊಂಡು ಸಂದಿಲಿ ತಲೆ ಇಟ್ಟು "ಅಣ್ಣಾ ಇನ್ನೊಂಚೂರು... ಇನ್ನೊಂಚೂರು... ಅಯ್ಯೋ ಜಾಸ್ತಿ ಆಯ್ತು ಎತ್ತು ಎತ್ತು" ಅಂತಾನೆ, ನಾನು ಮತ್ತೆ ಹ್ಯಾಂಡಲ್ ಕಿತ್ತು ಪಂಪಿಗೆ ಹಾಕ್ಬೇಕು. ಹಿಂಗೆ ಎಷ್ಟು ಸಲ ಅಂತ ಲೆಕ್ಕ ಇಡೋದೇ ಬಿಟ್ಟೆ. ಕೊನೇಲಿ ಒಂದಿಂಚು ಸಂದಿ ಉಳ್ಕೊಂಡು ಎಂಜಿನ್ನು ಜಪ್ಪಯ್ಯ ಅಂದ್ರೂ ಒಳಗೆ ಹೋಗ್ಲಿಲ್ಲ. ಬೋಲ್ಟ್ ಹಾಕಿ ಎಳೆದುಬಿಡೋಣ ಅಂದ ತಮ್ಮ. "ಲೋ, ಬೆಲ್ ಹೌಸಿಂಗ್ ಅಲ್ಯೂಮಿನಿಯಂ ಕಣೋ, ಬೋಲ್ಟ್ ಹಾಕೋ ಕಿವಿ ಮುರಿಯುತ್ತೆ" ಅಂದು ಆವತ್ತಿಗೆ ನಿಲ್ಲಿಸಿದ್ವಿ. ಹಂಗೇ ನೇತಾಡ್ಸಿ ಬಿಟ್ಟಿರೋಕೆ ಆಗಲ್ಲ, ಈ ಜಾಕು ಭಾರ ಹೊತ್ಕೊಂಡೇ ಮೆಲ್ಲಗೆ ಇಳಿಯುತ್ತೆ, ಹಂಗಾಗಿ ಆಚೆ ತೆಗೆದು ಟೈರ್ ಮೇಲೆ ಕೂರಿಸಿ ಮಲಗೋಕೆ ಹೋದ್ವಿ.

ಮಾರನೇ ದಿನ ಪ್ರೆಶರ್ ಪ್ಲೇಟ್ ಬೋಲ್ಟ್ ಸಡಿಲ ಮಾಡಿ, ಆ ಪ್ಲಾಸ್ಟಿಕ್ ಕಡ್ಡಿಗೆ ಟೇಪ್ ಎರಡು ಸುತ್ತು ಸುತ್ತಿ ಬಿಗಿ ಮಾಡ್ಕೊಂಡು ಮತ್ತೆ ಸೆಂಟರ್ ಮಾಡ್ದೆ. ಕ್ರೇನಿನ ತಂಟೆಗೆ ಹೋಗ್ಲೇ ಇಲ್ಲ, ಎಂಜಿನ್ನ ಒಂದು ಎತ್ತರಕ್ಕೆ ನಿಲ್ಸಿ ಗೇರ್‌ಬಾಕ್ಸ್ ಕೆಳಗಿರೋ ಜಾಕನ್ನೇ ಒಂದೊಂದು ಕ್ಲಿಕ್ ಎತ್ತುತ್ತಾ ಬಂದ್ವಿ, ಓರೆ ಇದ್ದಿದ್ದನ್ನ ಲೆವೆಲರಲ್ಲಿ ಸರಿ ಮಾಡಿದ್ವಿ. ಗಾಡಿ ಗೇರಲ್ಲಿಟ್ಟು, ತಮ್ಮ ಮುಂದಿನ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನ ಕೈಯಲ್ಲೇ ಚೂರು ತಿರುಗಿಸ್ದ, ಹಲ್ಲಿಗೆ ಹಲ್ಲು ಸಿಕ್ತು, ಟಕ್ ಅಂತ ಒಳಗೆ ಹೋಗಿ ಕೂತ್ಕೊಂಡ್ತು. ಬರೀ ಅಂಗೈಯಲ್ಲಿ ತಳ್ಳಿದ್ದು. ಈಗ ಪೆಡಲ್ಲು ಬೆಣ್ಣೆ, ಏರಲ್ಲಿ ಜಾರಲ್ಲ, ಕೆಳಗೆ ಆಯಿಲ್ ಹನೀನೂ ಇಲ್ಲ.

ಚಕ್ರಗಳ ಬಗ್ಗೆ ಹೇಳೋದು ಮರೆತೆ. ಸಣ್ಣ ಕಬ್ಬಿಣದ ಚಕ್ರ, ನುಣುಪು ನೆಲದಲ್ಲಿ ಓಡುತ್ತೆ, ಒಂದು ನಟ್ ಅಡ್ಡ ಸಿಕ್ರೆ ಗಕ್ಕಂತ ನಿಲ್ಲುತ್ತೆ, ಎಂಜಿನ್ ಜೋಕಾಲಿ ಆಡುತ್ತೆ. ಎಳೆಯೋ ಮುಂಚೆ ನೆಲ ಗುಡಿಸಿ, ಎಂಜಿನ್ನ ಆದಷ್ಟು ಕೆಳಗೆ ತಂದ್ಕೊಂಡೇ ಓಡಾಡ್ಸಿ.

ನಾನು 5ಕ್ಕೆ 3 ಕೊಡ್ತೀನಿ, ಅದ್ರಲ್ಲಿ ಒಂದು ಪೂರ್ತಿ ಲೆವೆಲರಿಗೆ. ವಾಲ್ವ್ ಒಂದು ನಯವಾಗಿ ತಿರುಗೋ ಹಂಗಿದ್ದಿದ್ರೆ ಕಣ್ಮುಚ್ಚಿ 4 ಕೊಡ್ತಿದ್ದೆ. ಒಂದೇ ಸಲದ ಕೆಲ್ಸ ಆದ್ರೆ ಬಾಡಿಗೆಗೆ ಸಿಗೋ ಕಡೆ ತಂದ್ಕೊಳ್ಳಿ, ತರೋ ಮುಂಚೆ ಭಾರ ನೇತಾಕಿ ವಾಲ್ವ್ ಹೆಂಗೆ ಬಿಡುತ್ತೆ ಅಂತ ನೋಡ್ಕೊಳ್ಳಿ. ನಂದೀಗ ಕಾಲು ಮಡಚ್ಕೊಂಡು ಮೂಲೇಲಿ ನಿಂತಿದೆ, ಜಾಕಿನ ಬುಡದಿಂದ ದಿನಕ್ಕೊಂದು ಹನಿ ಆಯಿಲ್ ಬಿಡುತ್ತೆ, ಕೆಳಗೊಂದು ತಟ್ಟೆ ಇಟ್ಟಿದೀನಿ.