ಸ್ಟೀರಿಂಗ್ ನಡುಗಿದರೆ ಯಾವ ಬ್ಯಾಲೆನ್ಸಿಂಗ್? ಪುಣೆಯಲ್ಲಿ ಸಿಗುವ ದಾರಿಗಳ ಹೋಲಿಕೆ

ಕೊಥ್ರೂಡ್, ಹಡಪ್ಸರ್ ಟ್ರಾಫಿಕ್ಕಿನಲ್ಲಿ 40ರ ವೇಗದಲ್ಲಿ ತೆವಳುವ ಕಾರಿಗೆ ಯಾವ ರೋಗವೂ ಕಾಣುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಟು, ಕಾತ್ರಜ್ ಸುರಂಗ ದಾಟಿ ರಸ್ತೆ ಬಿಚ್ಚಿಕೊಂಡು, ಮುಳ್ಳು 85ಕ್ಕೆ ಬಂತೋ, ಸ್ಟೀರಿಂಗ್ ಸಣ್ಣಗೆ ನಡುಗಲು ಶುರು. 100ರ ಹತ್ತಿರ ಜೋರಾಗುತ್ತದೆ, ಕೆಲವು ಕಾರುಗಳಲ್ಲಿ 115 ದಾಟಿದರೆ ಮತ್ತೆ ಕಡಿಮೆಯಾಗುತ್ತದೆ. ಟೈರ್ ಅಂಗಡಿಗೆ ಹೋಗಿ ಹೇಳಿದರೆ ಹತ್ತರಲ್ಲಿ ಏಳು ಕಡೆ ಬರುವ ಮೊದಲ ಉತ್ತರ, "ಅಲೈನ್‌ಮೆಂಟ್ ಮಾಡಿಸಿ." ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಅಂಚು ಸವೆಯುತ್ತದೆ. ಇಂಥ ನಡುಕ ಅದರಿಂದ ನೇರವಾಗಿ ಬರುವುದಿಲ್ಲ. ನೈಟ್ರೋಜನ್ ತುಂಬಿಸಿದರೂ ಹೋಗುವುದಿಲ್ಲ. ಸಾಮಾನ್ಯವಾಗಿ ಮೂಲ, ಚಕ್ರದ ತೂಕ ಸುತ್ತಲೂ ಸಮವಾಗಿ ಹಂಚಿರದ ಅಸಮತೋಲನ; ರಿಮ್ಮಿಗೆ ಸಣ್ಣ ತೂಕ ಸೇರಿಸಿ ಅದನ್ನು ಸರಿಮಾಡುವುದೇ ಬ್ಯಾಲೆನ್ಸಿಂಗ್.

ಈ ನಡುಕ ವೇಗಕ್ಕೇ ಕಾದು ಕೂರುವುದೇಕೆಂದರೆ, ಅಸಮತೋಲನದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 185/65 ಆರ್ 15 ಟೈರಿನ ಸುತ್ತಳತೆ ಸುಮಾರು 1.95 ಮೀಟರ್. 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಸುಮಾರು ನಾಲ್ಕೂವರೆ ಕೆ.ಜಿ. ಭಾರದಷ್ಟು ಬಲದಿಂದ, ಚಕ್ರ ಕೂರುವ ನಡುಭಾಗವಾದ ಹಬ್ ಅನ್ನು ಪ್ರತಿ ಸುತ್ತಿಗೂ ಎಳೆದಾಡುತ್ತದೆ. 50ರಲ್ಲಿ ಆ ಬಲ ಕಾಲು ಭಾಗ ಮಾತ್ರ, ಕೈಗೆ ತಿಳಿಯುವುದೇ ಇಲ್ಲ.

ಹೋಲಿಕೆಗೆ ಇಟ್ಟುಕೊಂಡದ್ದು ಇದೇ ಅಳತೆಯ ಟೈರು, ಅಲಾಯ್ ಚಕ್ರ, ಮುಂಚಕ್ರ ಚಾಲನೆಯ ಒಂದು ಹ್ಯಾಚ್‌ಬ್ಯಾಕ್. ಸರಿಯಾಗಿ ಬ್ಯಾಲೆನ್ಸ್ ಆದ ಎಡ ಮುಂಚಕ್ರದ ಒಳಬದಿಗೆ ಬೇಕೆಂದೇ 40 ಗ್ರಾಂ ತೂಕ ಅಂಟಿಸಿ, ಯಾವ ವಿಧಾನ ಏನು ಹಿಡಿಯುತ್ತದೆ ಎಂದು ನೋಡಿದ್ದು. ಆಮೇಲೆ ನಿಜವಾಗಿಯೇ ದೋಷವಿದ್ದ ಟೈರುಗಳ ಮೇಲೂ ಅದನ್ನೇ ಮಾಡಿ ನೋಡಿದ್ದು.

ಕೈ, ಫೋನು, ಅದಲುಬದಲು

ಯಂತ್ರದ ಮಾತು ಆಮೇಲೆ. ಮೊದಲು ಖರ್ಚಿಲ್ಲದ ಮೂರು ಪರೀಕ್ಷೆಗಳು.

ಕೈಯ ಅಂದಾಜು ಒಂದು ಮಟ್ಟಿಗೆ ನಂಬಬಹುದು. ನಡುಕ ಸ್ಟೀರಿಂಗಿನಲ್ಲಿದ್ದರೆ ಮುಂಚಕ್ರ, ಸೀಟು ಮತ್ತು ಕಾಲಡಿಯಲ್ಲಿದ್ದರೆ ಹಿಂಚಕ್ರ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ಆಕ್ಸಿಲರೇಟರ್ ಒತ್ತಿದಾಗ ಬಂದು, ಬಿಟ್ಟ ಕೂಡಲೇ ಹೋದರೆ ಗೇರ್‌ಬಾಕ್ಸ್ ಕಡೆಯ ಒಳ ಸಿ.ವಿ. ಜಾಯಿಂಟ್, ಅಂದರೆ ಚಕ್ರ ತಿರುಗಿಸುವ ದಂಡದ ಕೀಲು. ನಿಂತಲ್ಲೇ ಎಂಜಿನ್ ಏರಿಸಿದರೂ ಬರುತ್ತಿದ್ದರೆ ಎಂಜಿನ್ ಕೂರುವ ಆಸರೆ, ಎಂಜಿನ್ ಮೌಂಟ್. ಗುಂಯ್ ಎನ್ನುವ ಸದ್ದು ತಿರುವಿನಲ್ಲಿ ಏರಿ ಇಳಿದರೆ ಬೇರಿಂಗ್. ಬ್ಯಾಲೆನ್ಸಿನ ನಡುಕ ಇವು ಯಾವುದಕ್ಕೂ ಕೇರ್ ಮಾಡುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ ಬಿಟ್ಟರೂ ಅದೇ ವೇಗದಲ್ಲಿ ಹಾಗೆಯೇ ಇರುತ್ತದೆ.

ಫೋನಿನ ಕಂಪನ ಅಳೆಯುವ ಉಚಿತ ಆಪ್‌ಗಳು ಇದಕ್ಕಿಂತ ಒಂದು ಕೈ ಮೇಲು. ಪಕ್ಕದಲ್ಲಿ ಕೂತವರು ಫೋನನ್ನು ಸೀಟಿನ ಹಳಿಗೆ ಅಥವಾ ಕನ್ಸೋಲಿಗೆ ಬಿಗಿಯಾಗಿ ಒತ್ತಿ ಹಿಡಿಯಬೇಕು. ಕಾರು ಓಡಿಸುವವರು ಈ ಉಸಾಬರಿಗೆ ಹೋಗಬಾರದು. ಸ್ಥಿರ 100ರಲ್ಲಿ ಆಪ್‌ನ ಗ್ರಾಫಿನಲ್ಲಿ 14 ಹರ್ಟ್ಸ್ (ಸೆಕೆಂಡಿಗೆ 14 ಸಲ) ಸುಮಾರಿಗೆ ಶಿಖರ ಎದ್ದರೆ ಚಕ್ರ ಸುತ್ತಿಗೊಮ್ಮೆ ಕುಟ್ಟುತ್ತಿದೆ ಎಂದರ್ಥ. ಅದು ಅಸಮತೋಲನವಿರಬಹುದು, ಗುಂಡಗಿಲ್ಲದ ಟೈರೂ ಇರಬಹುದು. 28ರಲ್ಲಿ ಎದ್ದರೆ ಸುತ್ತಿಗೆ ಎರಡು ಸಲ. ಅಂಥದ್ದಕ್ಕೆ ತೂಕ ಅಂಟಿಸಿ ಪ್ರಯೋಜನವಿಲ್ಲ. ಎಂಜಿನ್ ನಿಮಿಷಕ್ಕೆ 2500 ಸುತ್ತಿನಲ್ಲಿದ್ದರೆ ಅದರ ಶಿಖರ 42ರ ಹತ್ತಿರ ಬೇರೆಯೇ ನಿಲ್ಲುತ್ತದೆ. ಅಂಟಿಸಿದ 40 ಗ್ರಾಂ, ಫೋನಿನಲ್ಲಿ 70ರ ವೇಗಕ್ಕೇ ಕಾಣಿಸಿತು. ಕೈಗೆ ತಿಳಿದದ್ದು 85ರಲ್ಲಿ.

ರಸ್ತೆ ಯಾವುದೆಂಬುದೂ ಮುಖ್ಯ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಕಾಂಕ್ರೀಟಿನದು. ಕಾಂಕ್ರೀಟ್ ಹಾಸಿನ ಅಡ್ಡ ಕೀಲುಗಳು ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಬರುತ್ತವೆ. 100ರಲ್ಲಿ ಸೆಕೆಂಡಿಗೆ ಆರು ತಟ್ಟು. ಆ ತಟ್ಟನ್ನು ಕಿವಿ ಬಿಡಿಬಿಡಿಯಾಗಿ ಕೇಳುತ್ತದೆ, ಚಕ್ರದ ನಡುಕ ಎಣಿಸಲಾಗದ ಝುಮ್ಮು. ಎರಡನ್ನೂ ಕಲಸಿಕೊಂಡು ಟೈರಿಗೆ ಬೈಯುವವರು ಬಹಳ. ಬೈಪಾಸಿನ ನಯವಾದ ಡಾಂಬರು ತುಂಡಿನಲ್ಲಿ, ಬೆಳಗಿನ ಖಾಲಿ ಹೊತ್ತಿನಲ್ಲಿ ಪರೀಕ್ಷಿಸಿದರೆ ಒಳ್ಳೆಯದು.

ಆದರೆ ಮೂರರಲ್ಲಿ ಗೆಲ್ಲುವುದು ಅದಲುಬದಲು. ಎಡಗಡೆಯ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ. ನಡುಕ ಸ್ಟೀರಿಂಗಿನಿಂದ ಸೀಟಿಗೆ ಇಳಿದರೆ ತಪ್ಪಿತಸ್ಥ ಎಡಗಡೆಯ ಆ ಚಕ್ರವೇ. ಇಳಿಯದಿದ್ದರೆ ಬಲಗಡೆ ಅದನ್ನೇ ಮಾಡಿ. ಎರಡೂ ಕಡೆ ಬದಲಾಯಿಸಿದರೂ ನಡುಕ ಸ್ಟೀರಿಂಗ್ ಬಿಟ್ಟು ಕದಲದಿದ್ದರೆ ಚಕ್ರದ ತಪ್ಪಲ್ಲ. ಹಬ್, ಡಿಸ್ಕ್, ಜಾಯಿಂಟ್ ಕಡೆ ನೋಡಬೇಕು. ಸ್ಟೆಪ್ನಿ ಹಾಕಿ ಪರೀಕ್ಷಿಸುವ ಯೋಚನೆಯಿದ್ದರೆ ಅದರ ಅಳತೆ ಮೊದಲು ನೋಡಿ. ಈಗ ಎಷ್ಟೋ ಕಾರುಗಳಿಗೆ ಸಣ್ಣ ಸ್ಟೆಪ್ನಿ ಕೊಡುತ್ತಾರೆ, ಅದರ ಮೇಲೆ ಬರೆದಿರುವ ಮಿತಿಯೇ 80.

ಗಲ್ಲಿಯ ಕಂಪ್ಯೂಟರ್ ಬ್ಯಾಲೆನ್ಸರ್

ವಾರ್ಜೆಯಿಂದ ಚಾಕಣದವರೆಗೆ ಎಲ್ಲೆಲ್ಲೂ ಇರುವುದು ಇದೇ. ಚಕ್ರವನ್ನು ಶಾಫ್ಟಿಗೆ ಹಾಕಿ ತಿರುಗಿಸಿದರೆ ಒಳಬದಿ, ಹೊರಬದಿ ಎರಡಕ್ಕೂ ಎಷ್ಟೆಷ್ಟು ಗ್ರಾಂ ಬೇಕೆಂದು ತೋರಿಸುತ್ತದೆ. ನಮ್ಮ 40 ಗ್ರಾಮನ್ನು ಸಾಧಾರಣ ಯಂತ್ರವೂ ಸರಿಯಾದ ಜಾಗದಲ್ಲೇ, 5 ಗ್ರಾಂ ಆಚೀಚೆಗೆ ಹಿಡಿದುಕೊಟ್ಟಿತು. ಹಾಗಾಗಿ ಯಂತ್ರ ಹಳೆಯದೆಂದು ಮೂಗು ಮುರಿಯಬೇಕಿಲ್ಲ. ಕೆಡುವುದು ಚಕ್ರವನ್ನು ಅದಕ್ಕೆ ಕೂರಿಸುವ ಹಂತದಲ್ಲಿ.

ಟೈರು ಸೇರಿ ಚಕ್ರದ ತೂಕ 15-16 ಕೆ.ಜಿ. ಅಂದುಕೊಳ್ಳಿ. ಶಾಫ್ಟಿನ ಮೇಲೆ ಅದು ಕಾಲು ಮಿಲಿಮೀಟರ್ ಪಕ್ಕಕ್ಕೆ ಕೂತರೂ ಸಾಕು, 20 ಗ್ರಾಂ ಸುಳ್ಳು ಅಸಮತೋಲನ ಹುಟ್ಟಿಕೊಳ್ಳುತ್ತದೆ. ಹುಡುಗ ಆ ಸುಳ್ಳಿಗೆ ತೂಕ ಬಡಿಯುತ್ತಾನೆ, ಪರದೆ ಸೊನ್ನೆ ತೋರಿಸುತ್ತದೆ, ಕಾರಿಗೆ ಹಾಕಿದ ಮೇಲೆ ಆ 20 ಗ್ರಾಂ ನಿಜವಾಗುತ್ತದೆ. ಚಕ್ರವನ್ನು ಶಾಫ್ಟಿನ ನಡುವಿಗೆ ಕೂರಿಸುವ ಕೋನಿಗೆ ಅಂಟಿದ ಗ್ರೀಸು-ಮಣ್ಣು, ರಿಮ್ಮಿನ ಮಧ್ಯದ ತೂತಿನ ತುಕ್ಕು, ಅಳತೆಗೆ ಒಪ್ಪದ ಕೋನು, ಇಷ್ಟೇ ಕಾರಣ.

ಇದನ್ನು ಹಿಡಿಯಲು ಒಂದೇ ಒಂದು ಪರೀಕ್ಷೆ ಸಾಕು. ಸೊನ್ನೆ ಬಂದ ಮೇಲೆ ಶಾಫ್ಟಿನ ಲಾಕ್ ನಟ್ ಸಡಿಲಿಸಿ, ಚಕ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. 5 ಗ್ರಾಂ, ಹೆಚ್ಚೆಂದರೆ 10 ತೋರಿಸಿದರೆ ಕೆಲಸ ಸರಿ. 20-30 ತೋರಿಸಿದರೆ ಮೊದಲಿನ ಸೊನ್ನೆಗೆ ಬೆಲೆಯಿಲ್ಲ. ಕೋನು ಒರೆಸಿ, ಒಳಬದಿಯಿಂದ ಕೂರಿಸಿ, ಮೊದಲಿಂದ ಮಾಡಿಸಬೇಕು. ಕೇಳಿದಾಗ ಮುಖ ಗಂಟಿಕ್ಕುವ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ನೋಡಬೇಕಾದ್ದು ಇನ್ನೂ ಇದೆ. ಹಳೆಯ ತೂಕಗಳನ್ನೆಲ್ಲ ಕಿತ್ತ ಮೇಲೆಯೇ ಚಕ್ರ ತಿರುಗಬೇಕು. ಬಹಳ ಕಡೆ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ದುಡ್ಡು, ಆದ್ದರಿಂದ ಹಳೆಯದನ್ನು ಹಾಗೇ ಬಿಟ್ಟು ಎದುರುಗಡೆ ಹೊಸದು ಬಡಿಯುವ ಚಾಳಿಯಿದೆ. ರಿಮ್ಮಿನ ಒಳಗಿನ ಒಣ ಮಣ್ಣು ಹೋಗಿರಬೇಕು. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿ ಇಳಿದು ಕೊಂಕಣಕ್ಕೋ ಗೋವಾಕ್ಕೋ ಹೋಗಿ ಬಂದ ಕಾರಿನಲ್ಲಿ ಕೆಂಪು ಮಣ್ಣಿನ ಹೆಂಟೆಯೇ 50 ಗ್ರಾಂ ತೂಗೀತು. ಎಷ್ಟೋ ನಡುಕಗಳು ಬರೀ ಜೆಟ್ ನೀರಿಗೆ ಹೋಗುತ್ತವೆ. ಯಂತ್ರಕ್ಕೆ ಕೊಡುವ ರಿಮ್ಮಿನ ಅಗಲ, ವ್ಯಾಸ, ಯಂತ್ರದಿಂದ ಅದಕ್ಕಿರುವ ದೂರ ಈ ಮೂರು ಅಂಕಿ ಹಿಂದಿನ ಗಿರಾಕಿಯವೇ ಉಳಿದಿದ್ದರೆ ತೂಕ ತಪ್ಪುತ್ತದೆ. ಇನ್ನು, ಹೆಚ್ಚಿನ ಯಂತ್ರಗಳು 5 ಗ್ರಾಮಿಗಿಂತ ಕಡಿಮೆಯದನ್ನು ಸೊನ್ನೆ ಎಂದೇ ತೋರಿಸುತ್ತವೆ. ನಿಖರ ಅಂಕಿ ತೋರಿಸುವ ಗುಂಡಿ ಬೇರೆ ಇರುತ್ತದೆ, ಒತ್ತಿಸಿ ನೋಡಿ.

ಅಂಟು ತೂಕ ಹಾಕುವ ಜಾಗವನ್ನು ಒರೆಸಿ ಒಣಗಿಸದಿದ್ದರೆ ಮೊದಲ ಮಳೆಗೇ ಉದುರುತ್ತದೆ. ಅಂಟಿನ ಕಲೆ ಇದ್ದು ತೂಕ ಇಲ್ಲದ ಜಾಗ ಕಂಡರೆ ನಡುಕದ ಮೂಲ ಅಲ್ಲೇ. ಒಂದೇ ಬದಿಗೆ 60 ಗ್ರಾಮಿಗಿಂತ ಹೆಚ್ಚು ಕೇಳಿದರೆ ತೂಕ ಬಡಿಯುವುದನ್ನು ನಿಲ್ಲಿಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಬೇಕು.

ರೋಡ್ ಫೋರ್ಸ್ ಯಂತ್ರ

ಮೊಟ್ಟೆಯಾಕಾರದ ಚಕ್ರವನ್ನೂ ಬ್ಯಾಲೆನ್ಸ್ ಮಾಡಿ ಸೊನ್ನೆ ತೋರಿಸಬಹುದು. ಗಲ್ಲಿಯ ಯಂತ್ರ ಸೋಲುವುದು ಇಲ್ಲೇ. ಅದು ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ನೆಲದ ಒತ್ತಡ ಅದಕ್ಕೆ ಗೊತ್ತಿಲ್ಲ. ರೋಡ್ ಫೋರ್ಸ್ ಯಂತ್ರದಲ್ಲಿ ದಪ್ಪ ರೋಲರ್ ಒಂದು ನೂರಾರು ಕೆ.ಜಿ. ಬಲದಿಂದ ಟೈರನ್ನು ಒತ್ತಿ ಹಿಡಿಯುತ್ತದೆ. ಸುತ್ತುವಾಗ ಟೈರಿನ ಬಿಗಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆಯುತ್ತದೆ. ಸುತ್ತುವಾಗ ರಿಮ್ಮಿನ ಅಂಚು ಎಷ್ಟು ಏರಿಳಿಯುತ್ತದೆ ಎಂದೂ ಅಳೆದು, ಟೈರಿನ ಗಟ್ಟಿ ಭಾಗವನ್ನು ರಿಮ್ಮಿನ ತಗ್ಗು ಭಾಗಕ್ಕೆ ಹೊಂದಿಸಲು ಎಲ್ಲಿ ಗುರುತು ಹಾಕಬೇಕೆಂದು ತೋರಿಸುತ್ತದೆ. ಹೊಸ ಟೈರಿನ ಮೇಲಿನ ಕೆಂಪು ಚುಕ್ಕೆಯ ಉದ್ದೇಶವೂ ಇದೇ. ಹಳದಿ ಚುಕ್ಕೆ ಹಗುರ ಭಾಗದ ಗುರುತು, ಅದನ್ನು ವಾಲ್ವ್ ಬಳಿಗೆ ತರುತ್ತಾರೆ.

40 ಗ್ರಾಂ ಪ್ರಯೋಗದಲ್ಲಿ ಇದು ಗಲ್ಲಿಯ ಯಂತ್ರಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ವ್ಯತ್ಯಾಸ ಕಂಡದ್ದು, ಎರಡು ಸಲ ಸೊನ್ನೆ ಬಂದರೂ ನಡುಗುತ್ತಿದ್ದ ಟೈರಿನಲ್ಲಿ. ಬಲದ ಏರಿಳಿತ ದೊಡ್ಡದಾಗಿತ್ತು. ರಿಮ್ಮಿನ ಮೇಲೆ ಟೈರನ್ನು ಗುರುತಿಗೆ ತಿರುಗಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಿ, ನಡುಕವೂ ಹೋಯಿತು. ಸಣ್ಣ ಕಾರಿನ ಟೈರಿಗೆ 8-10 ಕೆ.ಜಿ. ಒಳಗಿನ ಏರಿಳಿತ ಸಾಮಾನ್ಯವಾಗಿ ತಿಳಿಯುವುದಿಲ್ಲ.

ತೊಂದರೆಯೂ ಇದೆ. ಸಿಗುವುದು ಕೆಲವೇ ದೊಡ್ಡ ಟೈರ್ ಮಳಿಗೆಗಳಲ್ಲಿ ಮತ್ತು ದುಬಾರಿ ಕಾರುಗಳ ವರ್ಕ್‌ಶಾಪುಗಳಲ್ಲಿ, ಬೆಲೆ ಮಾಮೂಲಿನ ಹಲವು ಪಟ್ಟು. ಫೋನಿನಲ್ಲಿ "ಇದೆ" ಎಂದರೆ ನಂಬಿ ಹೊರಡಬೇಡಿ. ಟೈರನ್ನು ಒತ್ತುವ ರೋಲರ್ ಇದೆಯೇ ಎಂದೇ ಕೇಳಿ. ಗಾಳಿಯ ಒತ್ತಡ ಕಾರಿನ ಬಾಗಿಲ ಚೀಟಿಯಲ್ಲಿ ಬರೆದಷ್ಟೇ ಇರಬೇಕು. ವಾರಗಟ್ಟಲೆ ನಿಂತ ಕಾರಾದರೆ ಟೈರು ನೆಲಕ್ಕೊತ್ತಿ ಚಪ್ಪಟೆಯಾಗಿರುತ್ತದೆ, 15-20 ಕಿ.ಮೀ. ಓಡಿಸಿ ಬಿಸಿ ಮಾಡಿಕೊಂಡು ಹೋಗದಿದ್ದರೆ ಇಷ್ಟು ಒಳ್ಳೆಯ ಯಂತ್ರವೂ ಆ ತಾತ್ಕಾಲಿಕ ಚಪ್ಪಟೆಯನ್ನೇ ಅಳೆದು ಕೂರುತ್ತದೆ.

ಇದಕ್ಕೆ ಬಡವರ ಬದಲಿ, ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್. ಜ್ಯಾಕ್ ಮೇಲೆ ಚಕ್ರ ತಿರುಗಿಸಿ ಟ್ರೆಡ್ಡಿನ ಮಧ್ಯೆ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿತ ಕಂಡರೆ ಟೈರೋ ರಿಮ್ಮೋ ಗುಂಡಗಿಲ್ಲ. ರಿಮ್ಮಿನ ಅಂಚನ್ನೂ ಅಳೆದರೆ ಯಾವುದೆಂದು ತಿಳಿಯುತ್ತದೆ. ಬಿಗಿಯ ವ್ಯತ್ಯಾಸ ಮಾತ್ರ ಇದಕ್ಕೆ ಕಾಣದು.

ಕಾರಿನ ಮೇಲೆಯೇ ಬ್ಯಾಲೆನ್ಸ್

ಚಕ್ರ ಬಿಚ್ಚದೆ, ಎತ್ತಿ ಹಿಡಿದು ಮೋಟಾರಿನಿಂದ ತಿರುಗಿಸುವ ಹಳೆಯ ಪದ್ಧತಿ. ಹಬ್, ಡಿಸ್ಕ್ ಎಲ್ಲ ಸೇರಿಸಿ ಸರಿಪಡಿಸುವುದು ಇದರ ಗುಣ. ಸ್ಥಾನ ಬದಲಾದರೆ ಲೆಕ್ಕ ಹೋಯಿತು ಎನ್ನುವುದು ದೋಷ. ಪಂಚರಿಗೆ ಚಕ್ರ ಬಿಚ್ಚಿದವನು ಗುರುತು ಹಾಕದೆ ಒಂದು ಬೋಲ್ಟ್ ಆಚೆ ಕೂರಿಸಿದರೆ ಮತ್ತೆ ನಡುಕ. ಮೋಟಾರ್ ಇಲ್ಲದೆ ಎಂಜಿನ್ನಿನಿಂದಲೇ ತಿರುಗಿಸುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಒಂದೇ ಮುಂಚಕ್ರ ಎತ್ತಿದ್ದರೆ ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರಣದಿಂದ ಮೀಟರಿನಲ್ಲಿ 50 ಎಂದರೆ ಆ ಚಕ್ರ 100ರಲ್ಲಿ ತಿರುಗುತ್ತಿರುತ್ತದೆ. ನಮ್ಮ ಮಟ್ಟಿಗೆ ಇದು ಬೇಕಾದದ್ದು ಅಪರೂಪ.

ಗುಳ್ಳೆ ತಕ್ಕಡಿ, ಮಣಿ, ಜೆಲ್

ಚಕ್ರವನ್ನು ಮಲಗಿಸಿ, ದ್ರವದೊಳಗಿನ ಗುಳ್ಳೆ ನೋಡಿ ಸಮ ಮಾಡುವ ಗುಳ್ಳೆ ತಕ್ಕಡಿ ಚಕ್ರದ ಕುಪ್ಪಳಿಕೆಯನ್ನಷ್ಟೇ ಸರಿಮಾಡುತ್ತದೆ, ಎಡಬಲ ಓಲಾಟವನ್ನಲ್ಲ; ಸ್ಟೀರಿಂಗ್ ನಡುಗಿಸುವುದು ಮುಖ್ಯವಾಗಿ ಓಲಾಟ. ಟೈರಿನೊಳಗೆ ಹಾಕುವ ಬ್ಯಾಲೆನ್ಸಿಂಗ್ ಮಣಿಗಳು ಲಾರಿಗೆ ಇರಲಿ, ಕಾರಿಗೆ ಬೇಡ. ಅವು ಒಳಗಿದ್ದರೆ ಯಂತ್ರದ ಅಂಕಿ ಪ್ರತಿ ಸಲ ಬೇರೆ ಬರುತ್ತದೆ.

ಪಂಚರ್ ತಡೆಯುವ ದ್ರವ ಜೆಲ್ ಇನ್ನೂ ತರಲೆ. ರಾತ್ರಿ ನಿಂತ ಕಾರಿನಲ್ಲಿ ಅದು ಕೆಳಗೆ ಇಳಿದು ಕೂರುತ್ತದೆ, ಬೆಳಿಗ್ಗೆ ಮೊದಲ ಕೆಲವು ಕಿ.ಮೀ. ನಡುಗಿ ಆಮೇಲೆ ಹರಡಿಕೊಳ್ಳುತ್ತದೆ. ಬೆಳಗಿನ ನಡುಕ ಮಧ್ಯಾಹ್ನ ಇಲ್ಲವೆಂದರೆ ಮೊದಲು ಜೆಲ್ ಹಾಕಿಸಿದ್ದು ನೆನಪು ಮಾಡಿಕೊಳ್ಳಿ. ಅದನ್ನು ತೊಳೆದು ತೆಗೆಯದೆ ಯಾವ ಯಂತ್ರದಲ್ಲೂ ಬ್ಯಾಲೆನ್ಸ್ ಆಗದು.

ಯಾರು ಯಾವುದಕ್ಕೆ ಹೋಗಬೇಕು

ಟೈರು ಹಳೆಯದು, ನಡುಕ ಹೊಸದು ಎಂದರೆ ತೊಳೆಸಿ, ಗಲ್ಲಿಯ ಯಂತ್ರ, ಅರ್ಧ ಸುತ್ತಿನ ಪರೀಕ್ಷೆ. ಹೊಸ ಟೈರು ಹಾಕಿದ ದಿನದಿಂದಲೇ ನಡುಕವಿದ್ದು, ಒಂದು ಸಲ ಸರಿಯಾಗಿ ಬ್ಯಾಲೆನ್ಸ್ ಮಾಡಿಸಿದರೂ ಹೋಗದಿದ್ದರೆ ರೋಡ್ ಫೋರ್ಸ್; ಆ ಅಳತೆಯ ಚೀಟಿ ಟೈರ್ ವಾರಂಟಿ ಕೇಳುವಾಗಲೂ ಕೆಲಸಕ್ಕೆ ಬರುತ್ತದೆ. ಹೊರಗಿನ ಅಲಾಯ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಬ್ಯಾಲೆನ್ಸಿಂಗಿಗೆ ಮುನ್ನ ಮಧ್ಯದ ತೂತು ಅಳೆಯಿರಿ. ಮಾರುತಿ ಸ್ವಿಫ್ಟ್‌ನ ಹಬ್ 54.1 ಮಿ.ಮೀ., ಪೇಟೆಯ ಅಲಾಯ್ ತೂತು ಹಲವದರಲ್ಲಿ 73.1. ನಡುವಿನ ಅಂತರಕ್ಕೆ ಹಬ್ ರಿಂಗ್ ಹಾಕದಿದ್ದರೆ ಚಕ್ರವನ್ನು ನಡುವಿಗೆ ತರುವ ಹೊಣೆ ಪೂರ್ತಿ ನಟ್‌ಗಳ ಮೇಲೆ ಬೀಳುತ್ತದೆ. ಚಕ್ರ ನೆಲಕ್ಕೆ ತಾಗಿರುವಾಗಲೇ ಏರ್ ಗನ್ನಿನಿಂದ ಒಂದೊಂದಾಗಿ ಬಿಗಿದರೆ ಆ ಕಾಲು ಮಿಲಿಮೀಟರ್ ತಪ್ಪಿದ್ದಲ್ಲ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಚಕ್ರ ಎತ್ತಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಕೂರಿಸಿ, ಕೆಳಗಿಳಿಸಿದ ಮೇಲೆ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಬೇಕು; 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ನಡುಕ 20-40ರ ವೇಗದಲ್ಲೇ, ಕಾರು ಎಡಬಲ ಓಲಾಡುವ ಹಾಗೆ ಬಂದರೆ ಯಾವ ಯಂತ್ರದ ಸರದಿಯಲ್ಲೂ ನಿಲ್ಲಬೇಡಿ. ಟ್ರೆಡ್ ಮೇಲೆ, ಪಕ್ಕದ ಗೋಡೆಯ ಮೇಲೆ ಅಂಗೈ ಸವರಿ. ಉಬ್ಬು ಕೈಗೆ ತಗುಲಿದರೆ ಒಳಗಿನ ಬೆಲ್ಟ್ ಅಥವಾ ಪದರ ಬಿಟ್ಟಿದೆ. ಆ ಟೈರನ್ನು ಅಲ್ಲೇ ಬಿಚ್ಚಿಸಿ ಸ್ಟೆಪ್ನಿ ಹಾಕಿ, ಹೊಸದು ಬರುವ ತನಕ ಹೆದ್ದಾರಿಗೆ ಹೋಗಬೇಡಿ.